ಫೋನಿನಲ್ಲಿ ಎಲ್ಲರೂ ಚೆನ್ನಾಗಿದ್ದೆವು

ಐದು ವಾರದ ಇಂಟರ್ನ್‌ಶಿಪ್ ಮುಗಿಸಿ ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದವಳು ಅರಸೀಕೆರೆಯಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸ್ಟೇಷನ್ ಹೊರಗೆ ಅಪ್ಪನ ಹಳೇ ಬೈಕ್ ಕಂಡು ಖುಷಿಯಾಯಿತು. ಹತ್ತಿರ ಹೋದರೆ ಅದರ ಮೇಲೆ ಕೂತಿದ್ದವನು ಪಕ್ಕದ ಮನೆ ಅಣ್ಣ.

‘ಅಪ್ಪ ಎಲ್ಲಣ್ಣ?’

‘ತೋಟಕ್ಕೆ ನೀರು ಬಿಡ್ತಾವ್ರೆ. ಈಗ್ಲೇ ಕರೆಂಟ್ ಇರೋದು.’

ನಮ್ಮೂರಲ್ಲಿ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತೆ ಅಂತ ದೇವರಿಗೂ ಗೊತ್ತಿಲ್ಲ. ನಂಬಿಬಿಟ್ಟೆ. ದಾರಿಯುದ್ದಕ್ಕೂ ನನ್ನದೇ ಮಾತು. ಮಧ್ಯೆ ಮಧ್ಯೆ ‘ಹೌದ್ರೀ’ ಅಂತ ಬಾಯಿಗೆ ಬಂದರೆ ಅಣ್ಣ ಮಾಮೂಲಿನಂತೆ ರೇಗಿಸಬೇಕಿತ್ತು. ಅವನು ಸುಮ್ಮನೆ ಗಾಡಿ ಓಡಿಸುತ್ತಿದ್ದ.

ಮನೆ ಮುಂದೆ ಜಗಲಿ ಮೇಲೆ ಅಪ್ಪ ಕೂತಿದ್ದ. ಬಲಗೈಗೆ ದಪ್ಪ ಪಟ್ಟಿ, ಕೈಯನ್ನು ಕತ್ತಿಗೆ ನೇತುಹಾಕಿತ್ತು. ‘ಬಂದ್ಯಾ ಪುಟ್ಟಿ’ ಅಂತ ಎಡಗೈ ಎತ್ತಿದ.

ನಾನು ಹೋದ ಒಂಬತ್ತನೇ ದಿನ ಅಟ್ಟದ ಏಣಿಯಿಂದ ಜಾರಿ ಬಿದ್ದಿದ್ದನಂತೆ. ಮುಂಗೈ ಮೂಳೆ ಮುರಿದು, ಹಾಸನದಲ್ಲಿ ಆಪರೇಷನ್ ಆಗಿ, ಒಳಗೆ ಪ್ಲೇಟ್ ಹಾಕಿದ್ದರು. ದಿನಾ ರಾತ್ರಿ ಒಂಬತ್ತಕ್ಕೆ ತಪ್ಪದೆ ಫೋನ್ ಮಾಡುತ್ತಿದ್ದ ನನಗೆ ಇದ್ಯಾವುದೂ ಗೊತ್ತಿಲ್ಲ! ವಿಡಿಯೋ ಕಾಲ್ ಮಾಡು ಅಂದಾಗಲೆಲ್ಲ ಅಮ್ಮ ‘ನೆಟ್‌ವರ್ಕ್ ಇಲ್ಲ ಕಣೇ’ ಅನ್ನುತ್ತಿದ್ದಳು. ಅಪ್ಪ ಮಾತಾಡುವಾಗ ಸ್ಪೀಕರ್ ಆನ್ ಇರುತ್ತಿತ್ತು. ಕಿವಿಗೆ ಇಟ್ಟುಕೊಂಡರೇ ಕೇಳಿಸೋದು ಅಂತ ವಾದ ಮಾಡುವ ಮನುಷ್ಯ ಸ್ಪೀಕರ್ ಹಾಕಿದಾಗಲೇ ನನಗೆ ಹೊಳೆಯಬೇಕಿತ್ತು.

ಮೊಬೈಲ್ ತೆಗೆದು ಹಳೇ ಮೆಸೇಜ್ ನೋಡಿದೆ. ಅದೇ ವಾರ ನಾನು ಸೇಫ್ಟಿ ಶೂಗೆ 1,800 ರೂಪಾಯಿ ಕೇಳಿದ್ದೆ. ಹತ್ತು ನಿಮಿಷಕ್ಕೆ ದುಡ್ಡು ಬಂದಿತ್ತು. ‘ಆಸ್ಪತ್ರೆ ಮಂಚದಲ್ಲಿ ಮಲಗಿಕೊಂಡೇ ಎಡಗೈ ಹೆಬ್ಬೆರಳಲ್ಲಿ ಪಿನ್ ಒತ್ತಿದ್ರು. ಎರಡು ಸಲ ತಪ್ಪಾಯ್ತು’ ಅಂದಳು ಅಮ್ಮ. ಅವತ್ತು ನಾನು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಒಂದು ಥಂಬ್ಸ್ ಅಪ್ ಕಳಿಸಿದ್ದೆ, ಅಷ್ಟೆ.

ಮಿಕ್ಕ ಸುದ್ದಿಗಳೂ ಒಂದೊಂದಾಗಿ ಬಂದವು. ಹಸು ಹೆಣ್ಣುಗರು ಹಾಕಿದೆ, ಚಿಕ್ಕಮ್ಮನ ಮಗಳಿಗೆ ಗಂಡು ಗೊತ್ತಾಗಿದೆ, ಬೋರ್‌ವೆಲ್ ಮೋಟಾರ್ ಎರಡು ಸಲ ಸುಟ್ಟಿದೆ. ತಲೆಯಾಡಿಸುತ್ತಾ ಮೇಲೆ ನೋಡಿದರೆ ಅಟ್ಟ ಖಾಲಿ.

ತೆಂಗಿನ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಾವು ಕಾಯಿ ಕಿತ್ತ ತಕ್ಷಣ ಮಾರೋದಿಲ್ಲ. ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಕಾದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ತಿಪಟೂರಿನ ಮಾರುಕಟ್ಟೆಗೆ ಹೋಗೋದು ಆಮೇಲೆ. ನಮ್ಮ ಕಾಯಿಗೆ ಇನ್ನೂ ನಾಲ್ಕು ತಿಂಗಳು ಬೇಕಿತ್ತು. ಆಸ್ಪತ್ರೆ ಬಿಲ್ಲಿಗೆ ಅಂತ ಎಲ್ಲವನ್ನೂ ಹಸಿ ಕಾಯಿಯಾಗಿಯೇ ವ್ಯಾಪಾರಿಗೆ ಕೊಟ್ಟಿದ್ದರು. ಆ ಅಟ್ಟವೇ ನನ್ನ ಮುಂದಿನ ವರ್ಷದ ಫೀಸು.

‘ಸೊಸೈಟಿಲಿ ಸಾಲ ಕೇಳಿದೀನಿ, ಕೊಡ್ತಾರೆ’ ಅಂದ ಅಪ್ಪ. ನನಗೆ ಅಳು, ಸಿಟ್ಟು ಎರಡೂ ಬಂತು. ‘ನನಗ್ಯಾಕೆ ಹೇಳ್ಲಿಲ್ಲ? ನಾನೇನು ಹೊರಗಿನವಳಾ?’ ಅಂತ ಕೂಗಾಡಿದೆ.

ಅಷ್ಟರಲ್ಲಿ ಬಟ್ಟೆ ಒಗೆಯಲು ನನ್ನ ಬ್ಯಾಗ್ ಬರಿದು ಮಾಡುತ್ತಿದ್ದ ಅಮ್ಮ ಒಂದು ಚೀಟಿ ಹಿಡಿದು ಬಂದಳು. ಜೊತೆಗೆ ಎರಡು ಓಆರ್‌ಎಸ್ ಪೊಟ್ಟಣ. ‘ಊಟ ಚೆನ್ನಾಗಿದೆ, ಎಲ್ಲಾ ನೆರಳಲ್ಲೇ ಕೆಲಸ ಅಂದ್ಯಲ್ಲ, ಇದೇನೇ?’

ಸಿಕ್ಕಿಬಿದ್ದೆ. ಸೇತುವೆ ಸೈಟ್‌ನಲ್ಲಿ ನೆರಳೆಲ್ಲಿಂದ ಬರಬೇಕು? ಮೇ ತಿಂಗಳ ಬಿಸಿಲಲ್ಲಿ ಪ್ರಿಸಂ ಕಂಬ ಹಿಡಿದು ನಿಂತಿದ್ದವಳು ಒಂದು ಮಧ್ಯಾಹ್ನ ತಲೆ ಸುತ್ತಿ ಕುಸಿದಿದ್ದೆ. ಮಣ್ಣು ಹೊರುತ್ತಿದ್ದ ಅಕ್ಕ ಒಬ್ಬರು ‘ಬಾ ಯವ್ವಾ, ನೆರಳಿಗೆ ಕುಂದ್ರು’ ಅಂತ ಎಳೆದುಕೊಂಡು ಹೋಗಿ, ತಮ್ಮ ಬುತ್ತಿಯ ಮಜ್ಜಿಗೆ ಕುಡಿಸಿದ್ದರು. ಸಂಜೆ ಡ್ರಿಪ್ ಹಾಕಿಸಿಕೊಂಡೆ. ಒಂಬತ್ತಕ್ಕೆ ಮನೆಗೆ ಫೋನ್ ಮಾಡಿ ‘ಇವತ್ತು ಪಾಯಸ ಮಾಡಿದ್ರು’ ಅಂದಿದ್ದೆ!

ಅಮ್ಮ ಬೈಯಲು ಶುರುವಿಟ್ಟಳು. ಅಪ್ಪ ಮಾತ್ರ ನಕ್ಕುಬಿಟ್ಟ. ‘ಹೋಗ್ಲಿ, ಅಲ್ಲಿ ಏನ್ ಕಲಿತೆ ಅದನ್ನ ಹೇಳು’ ಅಂದ.

ಕಾಂಕ್ರೀಟ್ ಕ್ಯೂಬ್ ಬಗ್ಗೆ ಹೇಳಿದೆ. 150 ಮಿಲಿಮೀಟರಿನ ಅಚ್ಚಿಗೆ ತುಂಬಿ, ಮಾರನೇ ದಿನ ಬಿಚ್ಚಿ, ನೀರಲ್ಲಿ ಮುಳುಗಿಸಿಟ್ಟು, 28ನೇ ದಿನ ಮೆಷಿನ್‌ನಲ್ಲಿಟ್ಟು ಒತ್ತುವುದು. ಎಂ25 ಕಾಂಕ್ರೀಟ್ ಆದರೆ ಅಷ್ಟು ಸಣ್ಣ ಗಟ್ಟಿ ಸುಮಾರು 57 ಟನ್ ಭಾರ ತಡೆಯಬೇಕು. ಮೊದಲ ವಾರ ನನ್ನ ಕೈಯಾರೆ ತುಂಬಿದ ಕ್ಯೂಬ್‌ಗಳನ್ನು ಹೊರಡುವ ಮುಂಚೆ ಒತ್ತಿದ್ದರು. ಮೂರೂ ಪಾಸ್.

‘28 ದಿನಾನಾ? ನನ್ನ ಕೈಗೆ ಮೂರು ತಿಂಗಳು ಭಾರ ಎತ್ತಬೇಡ ಅಂದವ್ರೆ ಡಾಕ್ಟ್ರು. ನಿನ್ನ ಕಾಂಕ್ರೀಟೇ ವಾಸಿ ಬಿಡು’ ಅಂದ ಅಪ್ಪ.

ಉಳಿದ ರಜೆಯಲ್ಲಿ ತೋಟಕ್ಕೆ ನೀರು ಬಿಟ್ಟಿದ್ದು ನಾನೇ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಸ್ಟಾರ್ಟರ್ ಒತ್ತುವಾಗ, ಇದನ್ನು ಇಷ್ಟು ವರ್ಷ ಒಬ್ಬನೇ ಮಾಡಿದ್ದಾನಲ್ಲ ಅನ್ನಿಸುತ್ತಿತ್ತು. ಏಣಿಯ ಸಡಿಲ ಮೆಟ್ಟಿಲಿಗೆ ಮೊಳೆ ಹೊಡೆದೆ. ಅಪ್ಪ ಕೆಳಗೆ ನಿಂತು ‘ಇಂಜಿನಿಯರ್ರೇ, ಸೊಟ್ಟ ಆಯ್ತು’ ಅನ್ನುತ್ತಿದ್ದ.

ಸೊಸೈಟಿ ಸಾಲದ್ದು ಇನ್ನೂ ತೀರ್ಮಾನವಾಗಿಲ್ಲ. ಕಾಲೇಜು ಶುರುವಾಗಿ, ಹಾಸ್ಟೆಲ್‌ಗೆ ಬಂದಿದ್ದೇನೆ. ಒಂಬತ್ತು ಗಂಟೆಗೆ ಈಗ ವಿಡಿಯೋ ಕಾಲೇ. ಅಪ್ಪ ಮೊದಲು ಎರಡೂ ಕೈ ಎತ್ತಿ ತೋರಿಸಬೇಕು. ಆಮೇಲೆ ನಾನು ಮೆಸ್ಸಿನ ತಟ್ಟೆ ತೋರಿಸಬೇಕು. ನಿನ್ನೆ ನೆಟ್‌ವರ್ಕ್ ನಿಜವಾಗಲೂ ಇರಲಿಲ್ಲ. ಇಬ್ಬರೂ ನಂಬಲಿಲ್ಲ.