ಉಳಿದ ಎಂಟಾಣೆ ಯಾರದು?

ಆಗಸ್ಟ್ ತಿಂಗಳ ರಾತ್ರಿ ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೊರಟರೆ ಕಣ್ಣಿಗಿಂತ ಮೊದಲು ಮೂಗಿಗೆ ಊರು ಗೊತ್ತಾಗುತ್ತದೆ. ಒದ್ದೆ ಮಣ್ಣು, ಸೌದೆ ಹೊಗೆ, ಅದರ ಮೇಲೆ ಬೇಯುತ್ತಿರುವ ಹೊಗೆಸೊಪ್ಪಿನ ಸಿಹಿ ಘಾಟು. ಹೊಲದ ಬದಿಯಲ್ಲಿ ಎತ್ತರದ ಮೊಂಡು ಕಟ್ಟಡ, ಬುಡದಲ್ಲಿ ಉರಿಯುವ ಒಲೆಬಾಯಿ. ಅದೇ ಬ್ಯಾರನ್. ಗೋಡೆಯಲ್ಲಿ ಅಂಗೈಯಗಲದ ಗಾಜು, ಅದರಾಚೆ ತೂಗುವ ಥರ್ಮಾಮೀಟರ್. ಕಂಬಳಿ ಹೊದ್ದು ಕುಳಿತವನು ಆಗಾಗ ಎದ್ದು ಟಾರ್ಚ್ ಬಿಟ್ಟು ನೋಡುತ್ತಾನೆ. ದಿಮ್ಮಿಯನ್ನು ಗೇಣುದ್ದ ಒಳಕ್ಕೆ ತಳ್ಳುತ್ತಾನೆ, ಇಲ್ಲವೇ ಹೊರಕ್ಕೆಳೆಯುತ್ತಾನೆ. ಇಲ್ಲಿ ಲೆಕ್ಕವೆಲ್ಲ ಫ್ಯಾರನ್‌ಹೀಟ್‌ನಲ್ಲಿ. ಸೊಪ್ಪು ಹಳದಿಗೆ ತಿರುಗುವ ತನಕ ನೂರರ ಆಸುಪಾಸು, ಆಮೇಲೆ ಎಲೆ ಒಣಗಲು ಮೆಲ್ಲಮೆಲ್ಲಗೆ ಮೇಲಕ್ಕೆ, ಕಡೆಗೆ ನಡುದಂಟು ಒಣಗಿಸಲು 160ರ ತನಕ. ಐದಾರು ದಿನದ ಕೆಲಸ. ನಡುವೆ ಒಂದು ಜಾವ ಕಣ್ಣು ಹತ್ತಿದರೆ ಹರಾಜಿನಲ್ಲಿ ಅದರ ಲೆಕ್ಕ ಗೊತ್ತಾಗುತ್ತದೆ.

ತಮಾಷೆಯೆಂದರೆ, ನಿದ್ದೆಗೆಟ್ಟವರ ಈ ಕಸುಬಿನ ಕಥೆ ಶುರುವಾಗುವುದೇ ಒಂದು ನಿದ್ದೆಯಿಂದ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಕ್ಯಾಸ್ವೆಲ್ ಕೌಂಟಿಯಲ್ಲಿ, 1839ರಲ್ಲಿ, ಸ್ಲೇಡ್ ಎಂಬ ಜಮೀನ್ದಾರನ ಬ್ಯಾರನ್ ಕಾಯುತ್ತಿದ್ದ ಸ್ಟೀಫನ್ ಎಂಬ ಗುಲಾಮ ತೂಕಡಿಸಿದನಂತೆ. ಎದ್ದು ನೋಡಿದರೆ ಬೆಂಕಿ ನಂದುವ ಹಂತದಲ್ಲಿದೆ. ಗಾಬರಿಯಾಗಿ ಕುಲುಮೆಯ ಇದ್ದಿಲು ತಂದು ಸುರಿದ. ಒಮ್ಮೆಲೇ ಏರಿದ ಶಾಖಕ್ಕೆ ಸೊಪ್ಪು ಬಂಗಾರದ ಬಣ್ಣಕ್ಕೆ ತಿರುಗಿತು. ಆ ಬಂಗಾರದ ಸೊಪ್ಪಿನ ವಂಶವೇ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ವರ್ಜೀನಿಯಾ ತಂಬಾಕು. ನಾರ್ತ್ ಕ್ಯಾರೊಲಿನಾದ ಹೆಸರು ಮುಂದೆ ಇನ್ನೊಮ್ಮೆ ಬರಲಿದೆ, ನೆನಪಿರಲಿ.

ತಂಬಾಕು ಕೆಟ್ಟದ್ದು ಎನ್ನುವುದಕ್ಕೆ ಈ ತಾಲ್ಲೂಕುಗಳಲ್ಲೂ ಯಾರದೂ ತಕರಾರಿಲ್ಲ. ಒಂದು ಕಿಲೋ ಸೊಪ್ಪು ಹದವಾಗಲು ಸುಮಾರು ಐದು ಕಿಲೋ ಸೌದೆ ಬೇಕು. ಸಾವಿರ ಕಿಲೋ ಮಾರುವವನು ಐದು ಟನ್ ಮರ ಉರಿಸಿರುತ್ತಾನೆ. ಆದರೂ ಬಿಡುವುದಿಲ್ಲ ಏಕೆ? ‘ದುಡ್ಡಿನಾಸೆ’ ಎಂದು ಮೈಸೂರಿನಲ್ಲಿ ಕುಳಿತು ಹೇಳುವುದು ಸುಲಭ. ತಂಬಾಕಿನ ಬೆನ್ನಿಗೆ ಇರುವ ವ್ಯವಸ್ಥೆಯನ್ನು ನೋಡಿದರೆ ಉತ್ತರ ಬೇರೆ ಸಿಗುತ್ತದೆ. 1975ರ ಕಾಯ್ದೆಯ ಮೇರೆಗೆ 1976ರ ಜನವರಿಯಲ್ಲಿ ತಂಬಾಕು ಮಂಡಳಿ ಬಂತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ತಳಿಗೆ ಹುಣಸೂರಿನಲ್ಲೇ ಸಂಶೋಧನಾ ಕೇಂದ್ರ. ‘ಕಾಂಚನ್’ ತಳಿ ಈ ಸೀಮೆಯ ಹೊಲ ತುಂಬಿತು. ಬ್ಯಾಂಕ್ ಕಣ್ಣುಮುಚ್ಚಿ ಸಾಲ ಕೊಡುತ್ತದೆ, ಯಾಕೆಂದರೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೇಲ್ ಹರಾಜುಕಟ್ಟೆಗೆ ಬಂದೇ ಬರುತ್ತದೆ, ಸಾಲ ಅಲ್ಲೇ ಮುರಿದುಕೊಳ್ಳಬಹುದು. ಲೈಸೆನ್ಸ್‌ದಾರ, ಲೈಸೆನ್ಸಿಲ್ಲದ ಕಾರ್ಡ್‌ದಾರ ಎಂಬ ಜಗಳ, ಬೆಲೆ ಕುಸಿದ ವರ್ಷ ಕಟ್ಟೆಯೆದುರು ಧರಣಿ, ಎಲ್ಲವೂ ಉಂಟು. ಆದರೆ ಸಸಿಮಡಿಯಿಂದ ಬೇಲ್‌ತನಕ ಪ್ರತಿ ಮೆಟ್ಟಿಲಲ್ಲೂ ಕೈ ಹಿಡಿಯಲು ಒಬ್ಬರಿದ್ದಾರೆ.

ತಂಬಾಕು ಬಿಟ್ಟು ಬೇರೆ ಬೆಳೆಗೆ ಹೊರಟವನಿಗೆ? ಈಗ ಹುಣಸೂರಿನಿಂದ 45 ಕಿಲೋಮೀಟರ್ ಪೂರ್ವಕ್ಕೆ ಬನ್ನಿ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಿಂದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ ಇದೆ. ಎಮ್ಮೆಹಾಲಿನಿಂದ ಎಳೆಮಕ್ಕಳ ಆಹಾರದ ಪುಡಿ ಆಗದು ಎಂದು ಹೊರದೇಶದ ತಜ್ಞರು ತಲೆಯಾಡಿಸುತ್ತಿದ್ದ ಕಾಲದಲ್ಲಿ ಅದನ್ನು ಮಾಡಿ ತೋರಿಸಿದ ಸಂಸ್ಥೆ. ಆ ವಿದ್ಯೆ ಆಣಂದಕ್ಕೆ ಹೋಗಿ ಅಮೂಲ್‌ನ ಡಬ್ಬಿಯಾಯಿತು. ಆದರೆ ಅಮೂಲ್‌ಗೆ ತನ್ನದೇ ಹಾಲಿತ್ತು, ತನ್ನದೇ ಕಾರ್ಖಾನೆಯಿತ್ತು. ಸೂತ್ರದ ಕಾಗದ ಕೈಗೆ ಬಂದರೆ ಸಾಕಿತ್ತು. ಎಚ್.ಡಿ. ಕೋಟೆಯಲ್ಲಿ ಎರಡೆಕರೆ ಇಟ್ಟುಕೊಂಡವನಿಗೆ ಅದೇ ಕಾಗದ ಕೊಟ್ಟರೆ ಏನು ಮಾಡಿಯಾನು?

ಚಿಯಾ ಕಥೆಯನ್ನೇ ನೋಡಿ. ಮೆಕ್ಸಿಕೊ ಕಡೆಯ ಈ ತುಳಸಿ ಜಾತಿಯ ಗಿಡವನ್ನು ನಮ್ಮ ಹವೆಗೆ ಒಗ್ಗಿಸಿ, ಸಿಎಫ್‌ಟಿಆರ್‌ಐ ‘ಚಿಯಾಂಪಿಯನ್’ ಹೆಸರಿನಲ್ಲಿ ಬಿ-1, ಡಬ್ಲ್ಯು-83 ಎಂಬ ಎರಡು ತಳಿ ಕೊಟ್ಟಿತು. ಎಚ್.ಡಿ. ಕೋಟೆ, ಹುಣಸೂರಿನ ರೈತರು ಬೆಳೆದರು. ಮೂರು-ಮೂರೂವರೆ ತಿಂಗಳ ಬೆಳೆ, ನೀರು ಕಡಿಮೆ ಸಾಕು, ಕಾಡಂಚಿನ ಹೊಲದಲ್ಲೂ ಪ್ರಾಣಿ ಮೂಸುವುದಿಲ್ಲ ಎಂದು ಬೆಳೆದವರು ಹೇಳುತ್ತಾರೆ. ಮೊದಮೊದಲು ಬೆಳೆದವರಿಗೆ ಒಳ್ಳೆಯ ಬೆಲೆ ಸಿಕ್ಕಿತು. ಪಕ್ಕದ ಹೊಲದವನೂ ಅವನ ಪಕ್ಕದವನೂ ಬಿತ್ತಿದ ಮೇಲೆ ಬೆಲೆ ಇಳಿಯಿತು. ಬೀಜವನ್ನು ಬೀಜವಾಗಿಯೇ ಮಾರಿದರೆ ಇನ್ನೇನಾಗುತ್ತದೆ? ಎಣ್ಣೆ ತೆಗೆದು, ಉಳಿದ ಹಿಟ್ಟಿನಿಂದ ಇನ್ನೊಂದು ತಿನಿಸು ಮಾಡಿ ಪೊಟ್ಟಣ ಕಟ್ಟುವ ವಿದ್ಯೆ ಮೈಸೂರಿನಲ್ಲಿದೆ. ಹೊಲದಲ್ಲಿ ಬೀಜವೂ ಇದೆ. ನಡುವಿನ ಯಂತ್ರ, ಪರವಾನಗಿ, ಮೊದಲ ಎರಡು ವರ್ಷದ ನಷ್ಟ, ಇವನ್ನು ಹೊರುವವರು ಬೇಕು.

ಈ ನಡುವಿನ ಹಳ್ಳ ತುಂಬಲು ಸರ್ಕಾರಗಳು ಹೂಡಿದ ಉಪಾಯವೇ ಮ್ಯಾಚಿಂಗ್ ಗ್ರಾಂಟ್: ನೀನು ಎಂಟಾಣೆ ತಾ, ಉಳಿದ ಎಂಟಾಣೆ ನನ್ನದು. ಅಮೆರಿಕದಲ್ಲಿ 1982ರ ಒಂದು ಕಾಯ್ದೆ, ಸಂಶೋಧನೆಗೆ ದೊಡ್ಡ ಮೊತ್ತ ಸುರಿಯುವ ಪ್ರತಿ ಇಲಾಖೆಯೂ ಅದರಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೇ ಎತ್ತಿಡಬೇಕೆಂದಿತು. ಆಮೇಲೆ ಕೆಲವು ರಾಜ್ಯಗಳು ಒಂದು ಹೆಜ್ಜೆ ಮುಂದೆ ಹೋದವು: ಕೇಂದ್ರದ ಈ ಅನುದಾನ ಗೆದ್ದು ಬಂದ ನಮ್ಮೂರಿನ ಕಂಪನಿಗೆ ನಾವೂ ಸ್ವಲ್ಪ ಸೇರಿಸುತ್ತೇವೆ. ಹಾಗೆಂದ ರಾಜ್ಯಗಳಲ್ಲಿ ಎರಡು ಕೆಂಟಕಿ ಮತ್ತು ನಾರ್ತ್ ಕ್ಯಾರೊಲಿನಾ. ಎರಡೂ ತಂಬಾಕಿನ ಸೀಮೆಗಳು.

1998ರಲ್ಲಿ ಅಮೆರಿಕದ 46 ರಾಜ್ಯಗಳು ಸಿಗರೇಟು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು, ಧೂಮಪಾನದಿಂದ ಆದ ಆಸ್ಪತ್ರೆ ಖರ್ಚಿಗೆ ವರ್ಷವರ್ಷ ಹಣ ವಸೂಲಿ ಶುರುಮಾಡಿದವು. ಹೆಚ್ಚಿನ ರಾಜ್ಯಗಳು ಅದನ್ನು ಬೊಕ್ಕಸದಲ್ಲಿ ಕರಗಿಸಿದವು. ಕೆಂಟಕಿ 2000ದಲ್ಲಿ ಕಾನೂನು ಮಾಡಿ ತನ್ನ ಪಾಲಿನ ಅರ್ಧವನ್ನು ರೈತರು ಬೇರೆ ದಾರಿ ಹಿಡಿಯುವುದಕ್ಕೆಂದೇ ಕಟ್ಟಿಟ್ಟಿತು. ನಾರ್ತ್ ಕ್ಯಾರೊಲಿನಾ 1999ರಲ್ಲಿ ‘ಗೋಲ್ಡನ್ ಲೀಫ್’ ಎಂಬ ಪ್ರತಿಷ್ಠಾನ ಮಾಡಿ, ತಂಬಾಕು ನಂಬಿದ್ದ ಊರುಗಳಿಗೆ ಹಣ ಹರಿಸಿತು. ಸ್ಟೀಫನ್ ತೂಕಡಿಸಿದ ರಾಜ್ಯ, ಅವನ ಬಂಗಾರದ ಸೊಪ್ಪಿನ ಹೆಸರನ್ನೇ ಅದಕ್ಕೆ ಇಟ್ಟುಕೊಂಡಿತು.

ನಮ್ಮಲ್ಲಿ ಅಂಥ ಗಂಟಿಲ್ಲ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿತು. ಅದರ 17ನೇ ವಿಧಿ ಬೆಳೆಗಾರನಿಗೆ ಪರ್ಯಾಯ ತೋರಿಸಬೇಕೆನ್ನುತ್ತದೆ. 2015-16ರಿಂದ ಬೆಳೆ ವೈವಿಧ್ಯ ಯೋಜನೆ ಕರ್ನಾಟಕ ಸೇರಿದಂತೆ 10 ತಂಬಾಕು ರಾಜ್ಯಗಳಿಗೆ ಬಂತು. ಅದು ಹೊಲದ ತನಕ ಬರುವ ಯೋಜನೆ; ಹೊಲದಾಚೆಯ ಯಂತ್ರದ ಗೋಜು ಅದಕ್ಕಿಲ್ಲ.

ಯಂತ್ರದ ಕಡೆಗೆ ಬಂದ ಹಣ ಬೇರೆ ಕಾಲುವೆಯದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಅಮೆರಿಕದ ಮಾದರಿಯನ್ನು ನೋಡಿಕೊಂಡೇ 2005ರಲ್ಲಿ ಸಣ್ಣ ಕಂಪನಿಗಳ ಸಂಶೋಧನೆಗೆ ನೆರವಾಗುವ ಎಸ್‌ಬಿಐಆರ್‌ಐ ಯೋಜನೆ ತಂದಿತು. ಅದೇ ಇಲಾಖೆಯ ಕೂಸಾದ ಬೈರ್ಯಾಕ್ ಸಂಸ್ಥೆ ಹೊಸ ಯೋಚನೆಯವರಿಗೆ 50 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಕರ್ನಾಟಕ ಸರ್ಕಾರ 2017ರಲ್ಲಿ ಶುರುಮಾಡಿದ ‘ಎಲಿವೇಟ್’ ಕೂಡ 50 ಲಕ್ಷದವರೆಗೆ ಕೊಡುತ್ತದೆ, ಕಂಪನಿಯಲ್ಲಿ ಪಾಲು ಕೇಳುವುದಿಲ್ಲ. ಸಿಎಫ್‌ಟಿಆರ್‌ಐ ಆವರಣದಲ್ಲಿ ಕೇಂದ್ರ-ರಾಜ್ಯ ಕೂಡಿ ನಿಲ್ಲಿಸಿದ ನ್ಯೂಟ್ರಾ-ಫೈಟೊ ಇನ್‌ಕ್ಯುಬೇಶನ್ ಕೇಂದ್ರವಿದೆ. ಕೋಟಿ ಬೆಲೆಯ ಉಪಕರಣವನ್ನು ಸಣ್ಣ ಕಂಪನಿ ಕೊಳ್ಳದೆಯೇ ಬಳಸಿಕೊಳ್ಳಬಹುದು. ನನ್ನ ಲೆಕ್ಕದಲ್ಲಿ ಈ ಎಲ್ಲದರಲ್ಲಿ ಹೆಚ್ಚು ಬೆಲೆಬಾಳುವುದು ಇದೇ. ಎಲಿವೇಟ್‌ನ ಅರ್ಜಿ ತುಂಬಿ, ಸ್ಲೈಡ್ ತೋರಿಸಿ ಇಂಗ್ಲಿಷಿನಲ್ಲಿ ಗೆಲ್ಲುವ ಹುಡುಗ ಬೆಂಗಳೂರಿನಲ್ಲಿ ಹೇಗೋ ದಾರಿ ಕಂಡುಕೊಳ್ಳುತ್ತಾನೆ. ಪ್ರಯೋಗಾಲಯದ ವರದಿಯಿಲ್ಲದೆ ಪೊಟ್ಟಣದ ಮೇಲೆ ಒಂದು ಸಾಲೂ ಅಚ್ಚುಹಾಕಲಾಗದ ಕೋಟೆಯ ಮಹಿಳಾ ಸಂಘಕ್ಕೆ ದಾರಿ ಬೇಕು.

ಹಳ್ಳಿಗೆ ನಿಜವಾಗಿ ತಲುಪಿದ ಜೋಡಿ ಹಣವೆಂದರೆ 2020ರಲ್ಲಿ ಬಂದ ಪಿಎಂಎಫ್‌ಎಂಇ, ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ. ಘಟಕದ ವೆಚ್ಚದಲ್ಲಿ ಶೇ 35, ಗರಿಷ್ಠ 10 ಲಕ್ಷ ಸಬ್ಸಿಡಿ. ಇದಕ್ಕೆ ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಶೇ 15 ಸೇರಿಸಿತು. ಒಟ್ಟು ಶೇ 50, ಗರಿಷ್ಠ 15 ಲಕ್ಷ. ಲೆಕ್ಕಕ್ಕೆ ಸರಿಯಾಗಿ ಎಂಟಾಣೆ! ಮೈಸೂರು ಜಿಲ್ಲೆಗೆ ಆರಿಸಿದ ಉತ್ಪನ್ನ ಬಾಳೆ.

ಆದರೆ ಆ ಎಂಟಾಣೆ ಕೈಗೆ ಬರುವ ಬಗೆ ಗೊತ್ತೆ? ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು, ನಿಮ್ಮದು ಶೇ 10 ಆದರೂ ಇರಬೇಕು. ಆಮೇಲೆ ಬರುವ ಸಬ್ಸಿಡಿ ಮೂರು ವರ್ಷ ಬ್ಯಾಂಕಿನಲ್ಲೇ ಕೂರುತ್ತದೆ. ಘಟಕ ನಡೆಯುತ್ತಿದ್ದು ಕಂತು ಸರಿಯಾಗಿದ್ದರೆ ಸಾಲಕ್ಕೆ ಜಮೆ. ಹಣ ನುಂಗಿ ಕಂಬಿ ಕೀಳುವವರನ್ನು ತಡೆಯಲು ಈ ಬೀಗ ಬೇಕು, ಒಪ್ಪೋಣ. ಆದರೆ ಸಣ್ಣ ಘಟಕ ಸಾಯುವುದೇ ಆ ಮೂರು ವರ್ಷದೊಳಗೆ. ಮೇಲಾಗಿ, ತಂಬಾಕಿಗೆ ಸಾಲ ಕೊಡುವಾಗ ಮ್ಯಾನೇಜರ್ ಕಣ್ಣಿಗೆ ಹರಾಜುಕಟ್ಟೆ ಕಾಣುತ್ತದೆ. ಬಾಳೆಹಿಟ್ಟಿಗೆ ಕೊಡುವಾಗ ಏನೂ ಕಾಣುವುದಿಲ್ಲ, ಅರ್ಜಿದಾರನ ಪಹಣಿಯೊಂದು ಬಿಟ್ಟು. ಆ ಪಹಣಿ ಹೆಚ್ಚಾಗಿ ತಂಬಾಕು ಸಾಲಕ್ಕೆ ಆಗಲೇ ಒತ್ತೆಯಾಗಿರುತ್ತದೆ. ರಾಜ್ಯ ಸೇರಿಸಿದ ಶೇ 15 ಸಾಲದ ಭಾರವನ್ನು ಇಳಿಸುತ್ತದೆ, ಸಾಲದ ಬಾಗಿಲನ್ನು ತೆರೆಯುವುದಿಲ್ಲ. ಅದೇ ಹಣವನ್ನು ಕೊನೆಗೆ ಕೊಡುವ ಬದಲು ಮೊದಲ ಎರಡು ವರ್ಷದ ಖರೀದಿ ಖಾತ್ರಿಗೋ ಸಾಲದ ಜಾಮೀನಿಗೋ ಇಟ್ಟರೆ, ಮ್ಯಾನೇಜರ್ ಕಣ್ಣಿಗೆ ಒಂದು ಕಟ್ಟೆಯಾದರೂ ಕಂಡೀತು.

ಬಾಳೆಹಿಟ್ಟು ಎಂದೆ. 2021ರ ಲಾಕ್‌ಡೌನ್ ದಿನಗಳಲ್ಲಿ ‘ಅಡಿಕೆ ಪತ್ರಿಕೆ’ಯ ಕೃಷಿ ಪತ್ರಕರ್ತ ಶ್ರೀಪಡ್ರೆ ‘ಬಾಕಾಹು’ ಎಂಬ ಮುದ್ದಾದ ಹೆಸರಿಟ್ಟು ಬಾಳೆಕಾಯಿ ಹುಡಿಯನ್ನು ಉತ್ತರ ಕನ್ನಡ, ದಕ್ಷಿಣ ಕನ್ನಡದ ಅಡುಗೆಮನೆಗಳಿಗೆ ಹಬ್ಬಿಸಿದರು. ಅನುದಾನವಿಲ್ಲ, ಅರ್ಜಿಯಿಲ್ಲ, ವಾಟ್ಸ್ಆ್ಯಪ್, ಚಾಕು, ಬಿಸಿಲು. ಬೆಲೆ ಬಿದ್ದು ಗೊನೆ ಕೊಳೆಯುತ್ತಿದ್ದಾಗ ಗೃಹಿಣಿಯರು ಹೆಚ್ಚಿ ಒಣಗಿಸಿ ರೊಟ್ಟಿ ತಟ್ಟಿದರು. ಸರ್ಕಾರದ ಎಂಟಾಣೆ ಕಾಯದೆಯೂ ವಿದ್ಯೆ ಹರಡುತ್ತದೆ ಎನ್ನಲು ಇದು ಸಾಕ್ಷಿ. ಮಳೆಗಾಲ ಬಂದಾಗ ಡ್ರೈಯರ್ ಬೇಕಾಯಿತು ಎನ್ನುವುದೂ ಅಷ್ಟೇ ನಿಜ.

ಡ್ರೈಯರ್ ಎಂದಾಗ ಮತ್ತೆ ಬ್ಯಾರನ್ ನೆನಪಾಗುತ್ತದೆ. ವರ್ಷಕ್ಕೆ ಮೂರು ತಿಂಗಳು ಉರಿದು ಉಳಿದ ಕಾಲವೆಲ್ಲ ಖಾಲಿ ನಿಲ್ಲುವ ಕಟ್ಟಡ. ಅದರಲ್ಲೇ ಬಾಳೆಕಾಯಿ ಒಣಗಿಸಿದರೇನು ಎಂದು ಯಾರಿಗಾದರೂ ಹೊಳೆಯುತ್ತದೆ. ಆಗದು. ಗೋಡೆ, ಗಳ, ಕೊಳವೆಯೆಲ್ಲ ನಿಕೋಟಿನ್ ಕುಡಿದಿವೆ. ತಿನ್ನುವ ಪದಾರ್ಥ ಒಳಗಿಡುವಂತಿಲ್ಲ. ಬೇರೆ ಗೂಡೇ ಬೇಕು, ಸ್ಟೀಲ್ ತಟ್ಟೆ, ಫ್ಯಾನು, ಶುದ್ಧ ಗಾಳಿಯದು.

ಆದರೆ ಗಾಜಿನ ಮುಂದೆ ಕಂಬಳಿ ಹೊದ್ದು ಕುಳಿತವನ ಕಣ್ಣಿಗೆ ಯಾವ ನಿಕೋಟಿನ್ನೂ ಅಂಟಿಲ್ಲ. ಹಸಿ ಎಲೆಯ ನೀರು ಯಾವ ಹೊತ್ತಿಗೆ ಎಷ್ಟು ಹೋಗಬೇಕು, ಗಾಳಿಕಂಡಿ ಎಷ್ಟು ತೆರೆಯಬೇಕು ಎಂದು ಅವನಿಗೆ ಯಾವ ಇನ್‌ಕ್ಯುಬೇಶನ್ ಕೇಂದ್ರವೂ ಕಲಿಸಬೇಕಿಲ್ಲ. ಬಾಳೆಕಾಯಿ ಹೋಳು ಒಣಗಲು 60 ಡಿಗ್ರಿ ಸೆಲ್ಸಿಯಸ್ ಸಾಕು. ಅವನ ಲೆಕ್ಕದಲ್ಲಿ 140.