ಉಪ್ಪು, ವಿನೆಗರ್ ಸಿಂಪಡಿಸಿದರೆ ಕಳೆ ಬುಡಸಮೇತ ಸಾಯುತ್ತದೆಯೇ?

‘ವಿನೆಗರ್‌ಗೆ ಎರಡು ಹಿಡಿ ಉಪ್ಪು, ಸ್ವಲ್ಪ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಹಿತ್ತಿಲಿಗೆ ಸಿಂಪಡಿಸಿ. ಕಳೆ ಮತ್ತೆ ಹುಟ್ಟುವುದೇ ಇಲ್ಲ.’ ಈ ಬಗೆಯ ಸಂದೇಶ ನಿಮಗೂ ಬಂದಿರಬಹುದು. ಜೊತೆಗೆ, ಹಸಿರು ಹುಲ್ಲು ಒಂದೇ ದಿನದಲ್ಲಿ ಒಣಗುವ ವಿಡಿಯೊ ಬೇರೆ. ಇದು ಎಷ್ಟು ನಿಜ?

ವಿಡಿಯೊದಲ್ಲಿ ಕಾಣುವುದು ನಿಜ

ಅಡುಗೆಗೆ ಬಳಸುವ ವಿನೆಗರ್‌ನಲ್ಲಿ ಸುಮಾರು ಶೇ 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. ಅದು ತಾಗಿದ ಎಲೆ ಸುಡುತ್ತದೆ. ದ್ರಾವಣ ಎಲೆಯ ಮೇಲಿನ ಮೇಣದಂಥ ಪದರದಿಂದ ಜಾರದೆ ಹರಡಲು ಸೋಪು ನೆರವಾಗುತ್ತದೆ. ಆಗಷ್ಟೇ ಹುಟ್ಟಿದ ಸಣ್ಣ ಸಸಿಗಳು ಇದರಿಂದ ಸಾಯಲೂಬಹುದು.

ಆದರೆ ವಿಡಿಯೊ ಅಲ್ಲಿಗೇ ಮುಗಿಯುತ್ತದೆ. ಎರಡು ಮೂರು ವಾರಗಳ ನಂತರ ಏನಾಯಿತು ಎಂದು ಅದು ತೋರಿಸುವುದಿಲ್ಲ.

ಜೇಕು ಏಕೆ ಮತ್ತೆ ಬರುತ್ತದೆ?

ದೊಡ್ಡ ಹಿತ್ತಿಲಿದ್ದವರಿಗೆ ಹೆಚ್ಚು ಕಾಟ ಕೊಡುವ ಕಳೆಗಳಲ್ಲಿ ಜೇಕು ಒಂದು. ಕೊನ್ನಾರಿ, ತುಂಗೆ ಎಂದೂ ಕರೆಯುತ್ತಾರೆ. ಇದರ ಹೂಗೊಂಚಲು ಹೊತ್ತ ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ತಾಗುತ್ತದೆ. ಇದರ ಜೀವ ಇರುವುದು ಮಣ್ಣಿನೊಳಗಿನ ಗಡ್ಡೆಗಳಲ್ಲಿ. ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಬೇರಿನಂಥ ಎಳೆಗಳು ಸರಪಳಿಯ ಹಾಗೆ ಹಬ್ಬಿರುತ್ತವೆ. ವಿನೆಗರ್ ಎಲೆಯಿಂದ ಗಡ್ಡೆಗೆ ಇಳಿಯುವುದಿಲ್ಲ. ಎಲೆ ಸುಟ್ಟರೂ ಗಡ್ಡೆ ಮತ್ತೆ ಚಿಗುರುತ್ತದೆ.

ನಿಜವಾದ ಅಪಾಯ ಉಪ್ಪಿನದು

ಉಪ್ಪು ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನಲ್ಲೇ ಉಳಿಯುತ್ತದೆ, ಇಲ್ಲವೇ ಮಳೆ ನೀರಿನೊಂದಿಗೆ ಪಕ್ಕದ ಪಾತಿಗೋ ಬಾವಿಯ ಕಡೆಗೋ ಹೋಗುತ್ತದೆ. ಉಪ್ಪು ಹೆಚ್ಚಾದ ಮಣ್ಣಿನಿಂದ ಬೇರುಗಳಿಗೆ ನೀರು ಹೀರಲು ಕಷ್ಟ. ಜೇಡಿ ಅಂಶ ಹೆಚ್ಚಿರುವ ಮಣ್ಣು ಬಿಗಿಯಾಗಿ ನೀರು ಇಂಗುವುದೂ ಕಡಿಮೆಯಾಗುತ್ತದೆ.

‘ತೆಂಗಿನ ಬುಡಕ್ಕೆ ಉಪ್ಪು ಹಾಕುತ್ತಾರಲ್ಲ?’ ಎಂದು ನೀವು ಕೇಳಬಹುದು. ತೆಂಗು ಕಡಲತೀರದ ಮರ, ಉಪ್ಪನ್ನು ತಾಳುತ್ತದೆ. ಹುರುಳಿಕಾಯಿ, ಬಾಳೆ ತಾಳುವುದಿಲ್ಲ. ಕಳೆಗೆಂದು ಸುರಿದ ಉಪ್ಪಿನಿಂದ ಮೊದಲು ಸೊರಗುವುದು ತರಕಾರಿ ಪಾತಿಯೇ ಆಗಬಹುದು.

ಹಾಗಾದರೆ ಏನು ಮಾಡಬೇಕು?

• ಇಡೀ ಹಿತ್ತಿಲನ್ನು ಒಮ್ಮೆಲೇ ಹಿಡಿಯಬೇಡಿ. ಒಂದು ಪಾತಿಯಷ್ಟು ಜಾಗದಿಂದ ಶುರು ಮಾಡಿ.

• ಬೇಸಿಗೆಯಲ್ಲಿ ಒಂದು ಅಡಿ ಆಳಕ್ಕೆ ಅಗೆದು ಗಡ್ಡೆಗಳನ್ನು ಆರಿಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಹಸಿ ಗಡ್ಡೆಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಗೊಬ್ಬರದ ಜೊತೆ ಅದು ತೋಟಕ್ಕೇ ವಾಪಸ್ ಬರಬಹುದು.

• ಮಳೆಗಾಲದಲ್ಲಿ ಸುಮ್ಮನೆ ಕೊಚ್ಚಬೇಡಿ. ಸರಪಳಿ ತುಂಡಾದರೆ ಸುಮ್ಮನಿದ್ದ ಗಡ್ಡೆಗಳೂ ಮೊಳೆಯುತ್ತವೆ.

• ಹೊಸ ಚಿಗುರನ್ನು ಎರಡು ವಾರಕ್ಕೊಮ್ಮೆ ತಪ್ಪದೆ ಕೀಳಿ. ಮತ್ತೆ ಮತ್ತೆ ಚಿಗುರುವಾಗ ಗಡ್ಡೆಯಲ್ಲಿ ಕೂಡಿಟ್ಟ ಆಹಾರ ಖರ್ಚಾಗುತ್ತದೆ, ಹೊಸ ಗಡ್ಡೆ ಕಟ್ಟಲು ಸಮಯ ಸಿಗುವುದಿಲ್ಲ.

• ಜೇಕಿಗೆ ಬಿಸಿಲು ಬೇಕು. ತೆರವಾದ ಜಾಗದಲ್ಲಿ ಅಲಸಂದೆ, ಗೆಣಸು, ಕುಂಬಳದಂಥ ಬೇಗ ಹಬ್ಬುವ ಬೆಳೆ ಹಾಕಿ ನೆರಳು ಮಾಡಿ.

• ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಸಾಲದು. ಜೇಕಿನ ಚೂಪಾದ ಮೊಳಕೆ ಅದನ್ನು ಚುಚ್ಚಿಕೊಂಡು ಬರುತ್ತದೆ.

ಒಟ್ಟಾರೆ ಹೇಳುವುದಾದರೆ

ಉಪ್ಪು, ವಿನೆಗರ್ ಸಿಂಪಡಿಸಿದರೆ ಎಲೆ ಒಣಗುವುದು ನಿಜ. ಜೇಕು ಬುಡಸಮೇತ ಸಾಯುತ್ತದೆ ಎನ್ನುವುದು ಸುಳ್ಳು. ಬೆಳೆ ಬೆಳೆಯುವ ಮಣ್ಣಿಗೆ ಉಪ್ಪು ಹಾಕಬೇಡಿ. ಆ ಸಂದೇಶ ಕಳಿಸಿದವರಿಗೆ ಇದನ್ನೂ ಕಳಿಸಿ.