ಕಣ್ಣಾಡಿಸಿದ್ರೆ ಮನಸ್ಸಿನ ಗಾಯ ಮಾಯುತ್ತಾ?

ಅಪಘಾತ ಆಗಿ ವರ್ಷಗಳೇ ಕಳೆದಿವೆ.
ಆದ್ರೂ ಒಂದು ಹಾರ್ನ್ ಕೇಳಿದ್ರೆ ಸಾಕು,
ಎದೆ ಡವಡವ ಅನ್ನುತ್ತೆ. ಯಾಕೆ?

ಯಾಕಂದ್ರೆ ಮಿದುಳಿಗೆ ಆ ನೆನಪು ಹಳೇದಾಗಿಲ್ಲ.
ಈಗಲೇ ನಡೀತಿರೋ ಹಾಗೆ ಇದೆ.

ಇದಕ್ಕೊಂದು ಚಿಕಿತ್ಸೆ ಇದೆ. ಹೆಸರು, ಇಎಂಡಿಆರ್.
1987ರಲ್ಲಿ ಇದಕ್ಕೆ ನಾಂದಿ ಹಾಡಿದವರು
ಅಮೆರಿಕದ ಫ್ರಾನ್ಸಿನ್ ಶಪಿರೊ.

ನೀವು ಆ ಘಟನೆ ನೆನಪಿಸಿಕೊಳ್ತೀರಿ.
ಥೆರಪಿಸ್ಟ್ ಬೆರಳನ್ನ ಎಡಕ್ಕೆ, ಬಲಕ್ಕೆ ಆಡಿಸ್ತಾರೆ.
ನಿಮ್ಮ ಕಣ್ಣು ಅದರ ಹಿಂದೆ ಓಡುತ್ತೆ.
ಸ್ವಲ್ಪ ಹೊತ್ತಿಗೆ ನಿಲ್ಲಿಸಿ ಕೇಳ್ತಾರೆ: ಈಗ ಏನನ್ನಿಸ್ತಿದೆ?
ಮತ್ತೆ ಶುರು.

ಇದರಿಂದ ಏನಾಗುತ್ತೆ?
ಸಂಶೋಧಕರು ಕೊಡೋ ಒಂದು ವಿವರಣೆ ಕೇಳಿ.
ಬಸ್ಸಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದ್ರೆ,
ಹರಡಿಕೊಂಡು ಕೂತವರು ಮುದುರಿಕೊಳ್ಳಲೇಬೇಕಲ್ವಾ?
ನಮ್ಮ ಗಮನದ ಸೀಟೂ ಚಿಕ್ಕದೇ.
ಬೆರಳಿಗೂ ಜಾಗ ಕೊಡಬೇಕಾದಾಗ ನೆನಪಿನ ಬಿರುಸು ತಗ್ಗುತ್ತೆ.

ಘಟನೆ ಮರೆತುಹೋಗಲ್ಲ.
ಅದರ ಉರಿ ಇಳಿಯುತ್ತೆ.

2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ
ಪಿಟಿಎಸ್‌ಡಿಗೆ, ಅಂದ್ರೆ ಆಘಾತದ ನಂತರ ಕಾಡೋ ಇಂಥ ಮಾನಸಿಕ ತೊಂದರೆಗೆ, ಇದನ್ನ ಶಿಫಾರಸು ಮಾಡಿದೆ.

ಆದ್ರೆ ವಿಡಿಯೋ ನೋಡ್ಕೊಂಡು ಮನೇಲಿ ಮಾಡಬೇಡಿ.
ಹಳೇ ನೋವು ಒಮ್ಮೆಲೇ ಕೆರಳಬಹುದು.
ತರಬೇತಿ ಪಡೆದವರ ಹತ್ರವೇ ಹೋಗಿ.

ಯಾರನ್ನ ಕೇಳೋದು ಗೊತ್ತಾಗ್ತಿಲ್ವಾ?
ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416.
ಉಚಿತ. ಕನ್ನಡದಲ್ಲೇ ಮಾತಾಡಬಹುದು.